ಕಿವಿಯೊಳಗಿನ ನೀರು

ಸಿ ಶಿಫ್ಟ್ ಬಿಟ್ಟಾಗ ಆರು ಗಂಟೆ.
ಪುಷ್ಯ ಮಾಸ. ದೇವಸೂಗೂರಿನ ದಂಡಿ ಮ್ಯಾಲ
ಮಂಜು ಇನ್ನೂ ಚಾದರ ಹೊದ್ದು ಮಲಗಿರ್ತದ.
ನನ್ನ ಮೈಯಾಗ ರಾತ್ರಿಯ ಬಾಯ್ಲರು
ಆರದೆ ಉಳಿದಿರ್ತದ. ಬೆನ್ನಿಗೆ ಅಂಟಿದ ಅಂಗಿ,
ಉಗುರಿನ ಸಂದಿಗೆ ಕಲ್ಲಿದ್ದಲು.

ಅಪ್ಪ ಇಟ್ಟ ಹೆಸರು ಬೂದೆಪ್ಪ.
ಆಗ ಇಲ್ಲಿ ಒಂದೂ ಚಿಮಣಿ ಇರಲಿಲ್ಲ,
ಅವನಿಗೆ ಹೆಂಗ ಗೊತ್ತಾಯ್ತೋ ಏನೋ.

ಐವತ್ಮೂರು ವರ್ಷ ಹೊಳಿ ಬಾಜೂಕ ಉಂಡು ಮಲಗಿದರೂ
ಮೊಣಕಾಲಿಗಿಂತ ಮ್ಯಾಲ ನೀರು ಏರಗೊಟ್ಟವನಲ್ಲ.
ಈಸು ಕಲಿ ಅಂದವ ತಾಯಪ್ಪ, ಬಲೆ ಹಾಕುವವ,
ನನಗಿಂತ ಹತ್ತು ವರ್ಷ ಹಿರಿಯ, ಮುಂದಿನ ಎರಡು ಹಲ್ಲಿಲ್ಲ.
"ರಾತ್ರಿ ಎಲ್ಲಾ ಕುದ್ದು ಬರ್ತಿ,
ಹಗಲು ನಿದ್ದಿ ಎಲ್ಲಿಂದ ಬರಬೇಕು?
ಕಾದ ಕುಡ ಇದ್ದಂಗ ಅದೀ. ನೀರಾಗ ಅದ್ದಬೇಕು."

ಅದ್ದಿದ.
ಎದಿಯೊಳಗಿನ ಗಾಳಿ ಎಲ್ಲಾ ಒಂದೇ ಸಲ
ಹೊರಗ ಓಡಿ, ದಂಡಿ ಮ್ಯಾಲ ಕುಂತು, ನನ್ನನ್ನೇ ನೋಡಿತು.
ಬಾಯಿಗೆ ಬಂದ ಬೈಗುಳ ಸುದ್ದಾ
ಹಲ್ಲಿನ ಕಟಕಟಕ್ಕ ತುಂಡಾಗಿ ಬಿತ್ತು.
ಮೊಸಳಿ? ಅಂದೆ.
"ಅವಕ್ಕ ಬುದ್ಧಿ ಅದ. ಬಿಸಲು ಏರೋತನಕ ಮಡು ಬಿಡೋದಿಲ್ಲ."
ಮಡು ಎಲ್ಲಿ ಅದ ಅಂತ ನಾ ಕೇಳಲಿಲ್ಲ.

ಬೆನ್ನಿಗೆ ಐದು ಲೀಟರ್ ಎಣ್ಣಿ ಡಬ್ಬಿ, ಹುರಿಯಿಂದ ಬಿಗಿದದ್ದು.
ತೇಲಿದ್ದು ಡಬ್ಬಿ. ನಾನು ಅದಕ್ಕ ಜೋತುಬಿದ್ದ ಸಾಮಾನು.
ಆರನೇ ದಿನ ಕಾಲು ನೆಲ ಬಿಟ್ಟವು.
ಹನ್ನೊಂದಕ್ಕ ತಾಯಪ್ಪ ಹೇಳದೇ ಕೇಳದೇ ಹುರಿ ಬಿಚ್ಚಿದ.

ಚಳಿ ಅನ್ನೋದು ದಂಡಿ ಮ್ಯಾಲ ಮಾತ್ರ ಅದ,
ಅಂಗಿ ಕಳದು ನಿಂತ ಆ ನಾಕು ಉಸಿರಿನಾಗ.
ಒಳಗ ಇರೋದಕ್ಕ ಬ್ಯಾರೆ ಹೆಸರು ಬೇಕು:
ಮೊದಲು ಸೂಜಿ, ಆಮ್ಯಾಲ ಉರಿ,
ಹೌದು ಉರಿ, ಮೂವತ್ತು ವರ್ಷ ಉರಿ ಕಾಯ್ದವ ಹೇಳ್ತೀನಿ,
ಆಮ್ಯಾಲ ಚರ್ಮ ಎಲ್ಲಿಗೆ ಮುಗೀತು, ಹೊಳಿ ಎಲ್ಲಿಂದ ಶುರು
ಲೆಕ್ಕ ತಪ್ತದ.

ಕಂಟ್ರೋಲ್ ರೂಮಿನ ನಾಯ್ಕ ಸಾಹೇಬ್ರು, ಕಾರವಾರದವರು,
ನಕ್ಕರು. ಈಜಿದ್ರೆ ಸಮುದ್ರದಲ್ಲಿ ಈಜಬೇಕು ಮಾರಾಯ.
ಸಮುದ್ರ ನಾ ಕ್ಯಾಲೆಂಡರಿನಾಗ ನೋಡೀನಿ.
ನೀಲಿ ಅದ, ಕೆಳಗ ತಾರೀಖು ಅವ.
ನನ್ನ ಬೆವರಿನ ಉಪ್ಪು ಇಲ್ಲೇ ತೊಳದು ಬಿಡ್ತೀನಿ,
ಬೇಕಾದ್ರ ಅದು ಹೋಗಿ ಮುಟ್ಟಲಿ.

ಹತ್ತೊಂಬತ್ತನೇ ದಿನ ಮುಖ ಮುಳುಗಿಸಿದೆ.
ಒಳಗ ಮೌನ ಇರ್ತದ ಅಂದುಕೊಂಡಿದ್ದೆ.
ಇರಲಿಲ್ಲ. ಅಲ್ಲೂ ಅದೇ ಗುಂಯ್,
ಟರ್ಬೈನಿನ ಗುಂಯ್, ಗೋಡಿ ದಾಟಿ, ಕಲ್ಲು ದಾಟಿ
ನೇರ ಎಲುಬಿಗೇ ಬಂದು ಬಡೀತು.
ಸಿಟ್ಟು ಬಂತು. ಬಿಡ್ತೀರೋ ಇಲ್ಲೋ ನನ್ನ?
ತಲಿ ಎತ್ತಿದಾಗ ಕಂಡಿತು, ಹರಿವಿನ ಕೆಳಗ, ಪಂಪ್ ಹೌಸು.
ಎಳೀಲಿಕ್ಕತ್ತಿತ್ತು ಇದೇ ನೀರು,
ನಾ ಮುಳುಗಿದ್ದು, ನಾ ಬೈದದ್ದು, ತಾಯಪ್ಪ ಉಗುಳಿದ್ದು.
ಸೋಸಿ, ಕಾಸಿ, ಹಬೆ ಮಾಡಿ
ರಾತ್ರಿ ನನ್ನೆದುರೇ ಗೇಜಿನ ಮುಳ್ಳು ಎಬ್ಬಿಸ್ತದ.
ಆವತ್ತಿನಿಂದ ಮುಳ್ಳು ನಡುಗಿದ್ರ
ಚಳಿ ಹತ್ತೇದೇನೋ ಅನಸ್ತದ.

ಮನಿಯಾಗ ಹುಲಿಗೆಮ್ಮ ಕೈ ಮುಟ್ಟಿ ಹಿಂದ ಸರೀತಾಳ:
"ಹೆಣದ ಕೈ ಇದ್ದಂಗ ಅದಾವ ನೋಡು."
ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಂಚಿನಿಂದ ತಾಟಿಗೆ.
ನಾಕು ತಿಂತೀನಿ. ಮೊದಲು ಎರಡಕ್ಕ ಸಾಕಿತ್ತು.
ಹಿಟ್ಟಿನ ಲೆಕ್ಕ ತಾಯಪ್ಪನ ಹೆಸರಿಗೆ ಬರೀತಾಳಂತ.

ಹಗಲು ಹನ್ನೆರಡಕ್ಕ ನಿದ್ದಿಗಣ್ಣಾಗ ಮಗ್ಗಲು ಬದಲಿಸಿದರ
ಬಲಗಿವಿಯಿಂದ ಒಂದು ಹನಿ ದಿಂಬಿಗೆ ಇಳೀತದ.
ಬೆಳಿಗ್ಗೆ ಒಳಹೊಕ್ಕದ್ದು.
ಬೆಚ್ಚಗ ಅದ.